ತಾಟು ತೊಳೆದ ನೀರು

ಎರಡನೇ ಸಲ ಕುದಿಸಿದ ನೀರನ್ನೂ ಬಸಿದು ಚೆಲ್ಲಿದ ಮೇಲೆ ಬೀನ್ಸಿನಲ್ಲಿ ಬೀನ್ಸಿನದು ಅಂತ ಉಳಿದದ್ದು ಆಕಾರವೊಂದೇ. ಮಾಧುರಿ ಅತ್ತಿತ್ತ ನೋಡಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. ಒದ್ದೆ ಕಾಗದ ಅಗಿದ ಹಾಗಾಯಿತು.

ಆ ಮನೆಯಲ್ಲಿ ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವ ಹಾಗಿರಲಿಲ್ಲ. ಮದುವೆಯಾಗಿ ಬಂದ ವಾರವೇ ಅತ್ತೆ ಮಲ್ಲಕ್ಕ ಹೇಳಿದ್ದಳು: "ಕೈ ಅಳತಿ ನಂಬು, ನಾಲಿಗಿ ನಂಬಬ್ಯಾಡ." ಹದಿನಾರು ವರ್ಷ ಮಾಧುರಿ ಹಾಗೇ ನಡೆದುಕೊಂಡಿದ್ದಳು. ಹೀಗಾಗಿ ಮೂರು ತಿಂಗಳಿಂದ ಆ ಮುದುಕಿಗೆ ತಾನು ಏನನ್ನು ಬಡಿಸುತ್ತಿದ್ದೇನೆ ಅನ್ನುವುದು ಅವಳಿಗೆ ತಿಳಿದದ್ದು ಈ ಭಾನುವಾರ ಸಂಜೆಯೇ, ಕೊಲ್ಲಿ ನಾಡಿನ ಹಮ್ರಿಯಾ ಬಡಾವಣೆಯ ಮೂರನೇ ಮಹಡಿಯ ಅಡುಗೆಮನೆಯಲ್ಲಿ, ಕದ್ದು ತಿಂದ ಒಂದು ತುಂಡು ಬೀನ್ಸಿನಿಂದ.

ಮಲ್ಲಕ್ಕನ ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಉಪ್ಪಿಲ್ಲ, ಟೊಮ್ಯಾಟೊ ಇಲ್ಲ, ಬಾಳೆಹಣ್ಣು ಇಲ್ಲ, ತರಕಾರಿಯನ್ನು ಎರಡು ನೀರಿನಲ್ಲಿ ಕುದಿಸಿಯೇ ಕೊಡಬೇಕು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವಳಿಗೆ ಜೋಳ ಬೇಡ, ಗೋಧಿ ಚಪಾತಿ ಕೊಡಿ ಅಂದಿದ್ದರು ಆಸ್ಪತ್ರೆಯವರು. ಮೊಮ್ಮಗಳು ಅಂಜಲಿಗೆ ಗೋಧಿಯ ಹಿಟ್ಟು ಗಾಳಿಗೆ ಹಾರಿ ತಗುಲಿದರೂ ಹೊಟ್ಟೆ ಹಿಂಡುತ್ತಿತ್ತು. ಅವಳಿಗೆ ಜೋಳವೇ ಗತಿ. ಅದಕ್ಕೆ ಎರಡು ತವೆ, ಎರಡು ಲಟ್ಟಣಿಗೆ, ಎರಡು ಸೌಟು. ಗೋಧಿಯ ಪಾತ್ರೆಗಳ ಹಿಡಿಕೆಗೆ ಕೆಂಪು ದಾರ. ಫ್ರಿಜ್ಜಿನ ಬಾಗಿಲ ಮೇಲೆ ಭಾನುವಾರದಿಂದ ಗುರುವಾರದವರೆಗಿನ ರಾತ್ರಿ ಊಟದ ಪಟ್ಟಿ, ಅದರಲ್ಲಿ ಎರಡು ಖಾನೆ, ಅತ್ತೆಗೊಂದು, ಮಗಳಿಗೊಂದು. ಮಾಧುರಿಗೆ ಖಾನೆ ಇರಲಿಲ್ಲ, ಅಂಜಲಿಯ ಅಡುಗೆಯಲ್ಲಿ ಮಿಕ್ಕಿದ್ದನ್ನು ತಿನ್ನುತ್ತಿದ್ದಳು. ಗಂಡ ಸೋಮನಾಥ ಸೊಹಾರದ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಗುರುವಾರ ರಾತ್ರಿ ಬಂದರೆ ಭಾನುವಾರ ಬೆಳಗಿನ ಕಂಪನಿ ಬಸ್ಸಿಗೆ ಹೊರಡುವವ.

"ಅತ್ತಿ, ಏಳ್ರಿ, ಊಟಕ್ಕ."

ಮಲ್ಲಕ್ಕ ಲಿಂಗಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿ ಬಂದು ಕೂತಳು. ಚಪಾತಿ ಮುರಿದಳು. ಮುಖದಲ್ಲಿ ಏನೂ ಇರಲಿಲ್ಲ, ಹಾರೆ ಹಿಡಿದು ಮಣ್ಣು ಅಗೆಯುವವರ ಮುಖದಲ್ಲಿ ಇರುವಷ್ಟೂ ಇರಲಿಲ್ಲ. ಬಡಿಸಿದ್ದು ಪ್ರಸಾದ, ಒಂದು ಅಗುಳು ಬಿಡುವಂತಿಲ್ಲ. ಎಲ್ಲ ಮುಗಿಸಿ, ದಿನಕ್ಕಿಷ್ಟೇ ಎಂದು ಟೇಪು ಅಂಟಿಸಿ ಗುರುತು ಮಾಡಿದ್ದ ಬಾಟಲಿಯಿಂದ ಎರಡು ಗುಟುಕು ನೀರನ್ನು ತಾಟಿಗೆ ಸುರಿದು, ಬೆರಳಿನಿಂದ ಸುತ್ತ ಬಳಿದು ತೊಳೆದು, ಎತ್ತಿ ಕುಡಿದಳು.

"ಛಲೋ ಆಗೇತಿ," ಅಂದಳು. ದಿನವೂ ಅನ್ನುತ್ತಿದ್ದಳು. ಇವತ್ತು ಮಾತ್ರ ಮಾಧುರಿಗೆ ಆ ಮಾತು ಕೇಳಲಾಗಲಿಲ್ಲ.

ಮರುದಿನ ಅಲ್ ಖುವೈರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಅದನ್ನೇ ಹೇಳಿಕೊಂಡಳು. ಪಕ್ಕದ ಮೇಜಿನ ಜೊವಿಟಾ ಉಡುಪಿ ಕಡೆಯವಳು, ಎಲ್ಲದಕ್ಕೂ ಒಂದು ಉಪಾಯ ಇಟ್ಟುಕೊಂಡಿರುವವಳು.

"ಉಪ್ಪೇ ಇಲ್ವಾ? ಪಾಪ ಮಾರಾಯ್ತಿ, ಅದೆಂಥ ಊಟ. ಲೋ ಸೋಡಿಯಂ ಉಪ್ಪು ಅಂತ ಸಿಗ್ತದಲ್ಲ? ನಮ್ಮ ಮಾವನಿಗೆ ಬಿಪಿ, ಡಾಕ್ಟರೇ ಬರೆದು ಕೊಟ್ಟದ್ದು. ನಾವೀಗ ಮನೆಮಂದಿಗೆಲ್ಲ ಅದನ್ನೇ ಹಾಕುದು."

"ಕಿಡ್ನಿ ಇದ್ದೋರಿಗೂ ನಡೀತೈತೇನು?"

"ಸೋಡಿಯಂ ಕಡಿಮೆ ಅಂದ ಮೇಲೆ ಯಾರಿಗಾದ್ರೂ ಒಳ್ಳೇದೇ ಅಲ್ವಾ?"

ಒಳ್ಳೆಯದೇ ಅನ್ನಿಸಿತು. ಉಪ್ಪು ಬೇಡ ಅಂದಿದ್ದರು. ಇದು ಉಪ್ಪಿನಂತಿದ್ದೂ ಉಪ್ಪು ಕಡಿಮೆ ಇದ್ದದ್ದು. ಮನೆಗೆ ಬರುವಾಗ ಅಂಗಡಿಗೆ ಹೊಕ್ಕು, ಹಸಿರು ಹೃದಯದ ಚಿತ್ರವಿದ್ದ ಪೊಟ್ಟಣ ತಂದಳು. ಆ ರಾತ್ರಿಯ ಸೋರೆಕಾಯಿ ಪಲ್ಯಕ್ಕೆ ಅರ್ಧ ಚಮಚ ಹಾಕಿದಳು.

ಮೊದಲನೇ ತುತ್ತಿಗೆ ಮಲ್ಲಕ್ಕನ ಕೈ ನಿಂತಿತು. ಸೊಸೆಯ ಮುಖ ನೋಡಿದಳು. ಮಾಧುರಿ ತವೆಯ ಕಡೆ ತಿರುಗಿದಳು. ಹಿಂದಿನಿಂದ ಚಪಾತಿ ಮುರಿಯುವ ಸದ್ದು ಕೇಳಿತು, ಮತ್ತೊಮ್ಮೆ ಕೇಳಿತು, ಬೇಗ ಬೇಗ ಕೇಳಿತು.

"ಇನ್ನೊಂದೀಟು ಪಲ್ಯಾ ಐತೇನ?"

ಮೂರು ತಿಂಗಳಲ್ಲಿ ಮಲ್ಲಕ್ಕ ಇನ್ನೊಂದೀಟು ಅಂದಿರಲಿಲ್ಲ. ಮಂಗಳವಾರ ಅವಳು ಟೀವಿಯ ಮುಂದೆ ಕೂತು ಅಂಜಲಿಯ ಜೊತೆ ಜಗಳಾಡಿದಳು. ಬುಧವಾರ ಆಸ್ಪತ್ರೆಯ ನರ್ಸಿನ ನಡಿಗೆ ಅಣಕಿಸಿ ತೋರಿಸಿದಳು. "ಮಮ್ಮಾ, ಆಯಿ ಈಸ್ ಬ್ಯಾಕ್," ಅಂದಳು ಅಂಜಲಿ, ಅಜ್ಜಿಯನ್ನು ನೋಡಿ. ಗುರುವಾರ ಬಂದ ಸೋಮನಾಥ ತಾಯಿಯ ತಾಟು ನೋಡಿ, "ಏನ ಮಾಡೀ ಅವ್ವಗ? ಹಿಂಗ ಉಣ್ಣಾಕತ್ತಾಳ?" ಎಂದು ನಕ್ಕ. ಮಾಧುರಿಯೂ ನಕ್ಕಳು, ಹೇಳಲಿಲ್ಲ. ಹೇಳುವಂಥದ್ದೇನಿದೆ, ಒಂದು ಪೊಟ್ಟಣ. ಗುರುವಾರದ ಡಯಾಲಿಸಿಸ್ ಆದ ಮೇಲೆ ಮುಂದಿನದು ಭಾನುವಾರ. ನಡುವೆ ಶುಕ್ರವಾರ, ಶನಿವಾರ ಯಂತ್ರವಿಲ್ಲ. ಆ ಎರಡು ದಿನವೂ ಮಲ್ಲಕ್ಕ ಹೊಟ್ಟೆ ತುಂಬ ಉಂಡು, ತಾಟು ತೊಳೆದು ಕುಡಿದಳು.

ಭಾನುವಾರ ನಸುಕಿನಲ್ಲಿ ಸೋಮನಾಥ ಬಸ್ಸಿಗೆಂದು ಬೂಟು ಹಾಕಿಕೊಳ್ಳುತ್ತಿದ್ದಾಗ ಪೂಜೆಯ ಮಣೆಯ ಹತ್ತಿರ ತಂಬಿಗೆ ಬಿದ್ದ ಸದ್ದಾಯಿತು. ಮಲ್ಲಕ್ಕ ಕೂತಲ್ಲೇ ಗೋಡೆಗೆ ವಾಲಿದ್ದಳು. "ಕಾಲು ಇಲ್ಲೋ ಯಪ್ಪಾ," ಅಂದಳು, "ಕಾಲು ಎಲ್ಲೋ ಹೋದ್ವು." ಎಡ ಅಂಗೈಯಲ್ಲಿ ಲಿಂಗ ಇತ್ತು, ಬೆರಳು ಮುಚ್ಚಲಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು, ಸೂಜಿ ಚುಚ್ಚಿದರು, ಯಂತ್ರಕ್ಕೆ ಹಾಕಿದರು. ರಕ್ತದಲ್ಲಿ ಪೊಟ್ಯಾಸಿಯಂ ಏಳು ದಾಟಿದೆ, ಇನ್ನೊಂದು ತಾಸು ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಅಂದರು. ಮಧ್ಯಾಹ್ನ ಊಟದ ಪಥ್ಯ ನೋಡಿಕೊಳ್ಳುವ ಶಬ್ನಂ ಬಂದಳು. ಕಲಬುರ್ಗಿಯ ಹೆಣ್ಣುಮಗಳು, ಮಲ್ಲಕ್ಕನಿಗೆ ಅವಳೆಂದರೆ ಅಕ್ಕರೆ.

"ಹೋದ ವಾರ ನಾರ್ಮಲ್ ಇತ್ತಲ್ರೀ ದೀದಿ. ಏನು ಬದಲಿ ಮಾಡಿದ್ರಿ? ಎಳನೀರು? ಆಲೂ? ಖರ್ಜೂರ?" ಮಾಧುರಿ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು. "ಮತ್ತ ಆ ಲೋ ಸೋಡಿಯಂ ಉಪ್ಪು ಹಾಕಿಲ್ಲ ಹೌದಿಲ್ಲೋ? ಭಾಳ ಮಂದಿ ಅದರಾಗೇ ಮೋಸ ಹೋಗ್ತಾರ. ಸೋಡಿಯಂ ತೆಗೆದು ಪೊಟ್ಯಾಸಿಯಂ ತುಂಬಿರ್ತಾರ ಅದರಾಗ. ಕಿಡ್ನಿ ಇಲ್ಲದವ್ರಿಗೆ ಅದು ಜಹರ್, ವಿಷ."

ಸೋಮನಾಥ ಮಾಧುರಿಯನ್ನೇ ನೋಡುತ್ತಿದ್ದ.

"ನಾನ ತಿಂದೀನಿ," ಅಂದಳು ಹಾಸಿಗೆಯ ಮೇಲಿಂದ ಮಲ್ಲಕ್ಕ. "ಬಾಳಿಹಣ್ಣು. ಅಂಜಲಿ ಡಬ್ಬಿಗೆ ಅಂತ ತಂದಿರ್ತಾರಲ್ಲ, ಅವು. ದಿನಾ ಎರಡೆರಡು. ಇವರಾರೂ ಇಲ್ದಾಗ."

"ಅವ್ವಾ, ಅದು ವಿಷ ಅಂತ ಹೇಳಿದ್ರಲ್ಲ ನಿನಗ?"

"ಹೇಳಿದ್ರು. ಬಾಯಿ ಕೇಳಲಿಲ್ಲ."

ಶಬ್ನಂ ಬರೆದುಕೊಂಡಳು. ಮಲ್ಲಕ್ಕ ಸುಳ್ಳು ಹೇಳಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅದಕ್ಕೇ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಬಟ್ಟೆ ತರಲೆಂದು ಮನೆಗೆ ಬಂದಾಗ ಅಡುಗೆಮನೆಯ ಬುಟ್ಟಿಯಲ್ಲಿ ಬಾಳೆಹಣ್ಣು ಕಣ್ಣಿಗೆ ಬಿತ್ತು. ಬುಧವಾರ ತಂದ ಹನ್ನೆರಡು ಹಣ್ಣಿನ ಚಿಪ್ಪು. ಅಂಜಲಿ ಎರಡು ತಿಂದಿದ್ದಳು. ಹತ್ತು ಹಾಗೇ ಇದ್ದವು, ಸಿಪ್ಪೆ ಕಪ್ಪಾಗುತ್ತ. ಸೋಮನಾಥ ಒಂದು ಸಲ ಇಲ್ಲಿಗೆ ಬಂದು ನೋಡಿದರೆ ಸಾಕಿತ್ತು. ಮಾಧುರಿ ಬಹಳ ಹೊತ್ತೇನೂ ನಿಲ್ಲಲಿಲ್ಲ. ಕಪ್ಪು ಚೀಲಕ್ಕೆ ಹತ್ತನ್ನೂ ಹಾಕಿ, ಗಂಟು ಕಟ್ಟಿ, ಲಿಫ್ಟಿನಲ್ಲಿ ಇಳಿದು, ನಗರಸಭೆ ಬೀದಿಯಲ್ಲಿಟ್ಟ ಬಲದಿಯಾ ಕಸದ ಡಬ್ಬಿಗೆ ಎಸೆದು ಬಂದಳು. ಹಸಿರು ಹೃದಯದ ಪೊಟ್ಟಣವನ್ನು ಮಾತ್ರ ಎಸೆಯಲಾಗಲಿಲ್ಲ. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ. ಕೆಂಪು ದಾರದ ಪಾತ್ರೆಗಳ ಹಿಂದೆ ತಳ್ಳಿದಳು.

ಸೋಮವಾರ ಮಲ್ಲಕ್ಕ ಮನೆಗೆ ಬಂದಳು. ಅವತ್ತೇ ಸೋಮನಾಥ ಊರಲ್ಲಿದ್ದ ಅಣ್ಣ-ಅತ್ತಿಗೆಗೆ ಫೋನು ಮಾಡಿ, ಟಿಕೆಟ್ ಮಾಡಿಸಿ, ಆಮೇಲೆ ಹೇಳಿದ.

"ಗುರುವಾರ ಅವ್ವನ್ನ ಬಸವಂತಣ್ಣನ ಹತ್ರ ಬಿಟ್ಟು ಬರ್ತೀನಿ. ವೈನಿ ಇಡೀ ದಿನ ಮನ್ಯಾಗ ಇರ್ತಾಳ, ಕಣ್ಣಿಟ್ಟು ನೋಡ್ತಾಳ. ಇಲ್ಲಿ ನೀ ಆಫೀಸಿನಾಗ, ನಾ ಸೊಹಾರದಾಗ."

"ಅಲ್ಲಿ ವಾರಕ್ಕ ಎರಡ ಸಲ ಮಷಿನ್ ಸಿಗತೈತಿ ಅಂದಿದ್ರಲ್ಲ. ಎರಡು ಸಾಲೂದಿಲ್ಲ ಅಂತ ಡಾಕ್ಟರ್ ಇಲ್ಲೇ ಹೇಳ್ಯಾರ."

"ಇಲ್ಲಿ ಮೂರು ಸಲ ಹಾಕಿ ಏನಾತು?" ಅಂದ ಅವನು. "ಖಲಾಸ್. ಟಿಕೆಟ್ ಆಗೇತಿ."

ಒಳಗಿನ ಕೋಣೆಯಲ್ಲಿ ಮಲ್ಲಕ್ಕ ಕೇಳಿಸಿಕೊಂಡಿರಬೇಕು. ಅಂಜಲಿ ಬಾಗಿಲಲ್ಲಿ ನಿಂತು, "ಬಟ್ ಆಯಿ ಬನಾನಾ ತಿನ್ನೋದು ನಾನು ನೋಡೇ ಇಲ್ಲ," ಅಂದಳು. "ನೀ ಸಾಲಿಗೆ ಹೋಗಿರ್ತಿ," ಅಂದ ಸೋಮನಾಥ. ಮಾಧುರಿ ಪಟ್ಟಿಯ ಮುಂದೆ ನಿಂತಿದ್ದಳು. ಗುರುವಾರದ ಸಾಲಿನಲ್ಲಿ ಅತ್ತೆಯ ಖಾನೆಯನ್ನು ಏನೆಂದು ತುಂಬಬೇಕೋ ತಿಳಿಯಲಿಲ್ಲ.

ಮಂಗಳವಾರ ನಸುಕಿನಲ್ಲೇ ಸೋಮನಾಥ ಸೊಹಾರಕ್ಕೆ ಹೋದ. ಅವತ್ತು ಡಯಾಲಿಸಿಸ್ ಮುಗಿಸಿ ಅತ್ತೆಯನ್ನು ಕರೆತರುವಾಗ ಕಾರಿನಲ್ಲಿ ಇಬ್ಬರೇ ಇದ್ದರು. ರುವಿಯ ಸಿಗ್ನಲ್ಲಿನಲ್ಲಿ ನಿಂತಾಗ ಮಾಧುರಿ ಕೇಳಿದಳು, "ಯಾಕ ಹಂಗ ಹೇಳಿದ್ರಿ ಅತ್ತಿ?"

"ನೀ ಉಪ್ಪ ಹಾಕಿದ್ದು ನನಗ ಮೊದಲನೇ ತುತ್ತಿಗೇ ತಿಳೀತವಾ. ಬ್ಯಾಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಮೂರು ತಿಂಗಳಾಗಿತ್ತು ಬಾಯಿಗೆ ಜೀವ ಬಂದು. ಆರು ದಿನ ಸುಮ್ಮನ ಉಂಡೆ. ತಪ್ಪು ಯಾರದು?"

"ಅದು ಬರೇ ಉಪ್ಪಲ್ಲರೀ. ಅದರಾಗ..."

"ಯಾವುದಾದ್ರೇನು, ಉಂಡಾಕಿ ನಾನು." ಸೂಜಿ ಚುಚ್ಚಿದ ತೋಳಿನ ಬ್ಯಾಂಡೇಜನ್ನು ಮಲ್ಲಕ್ಕ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. "ಅವನ ಮುಂದ ಬಾಯಿ ಬಿಡಬ್ಯಾಡ. ತಾಯಿ ಕದ್ದು ತಿಂದ್ಲು ಅಂದ್ರ ಗಂಡುಮಗಗ ನಾಲ್ಕು ದಿನ ಸಿಟ್ಟು. ಹೆಂಡತಿ ಹಾಕಿದ್ಲು ಅಂದ್ರ ಅದು ಹೋಗೂದಲ್ಲ, ಮನ್ಯಾಗ ಕೂತು ಬಿಡತೈತಿ."

"ನಿಮಗ ಹೋಗಾಕ ಮನಸೈತೇನು?"

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿ ಹಾರನ್ ಹೊಡೆಯಿತು. "ನಡಿ," ಅಂದಳು ಮಲ್ಲಕ್ಕ. "ಅಂಜಲಿ ಬರೂ ಹೊತ್ತಾತು."

ಬುಧವಾರ ಸಂಜೆ ಸೋಮನಾಥ ರಜೆ ಹಾಕಿ ಬಂದ. ಹೊರಗೆ ಮಸೀದಿಯ ಮಗ್ರಿಬ್‌ನ ಬಾಂಗು ಕೇಳುತ್ತಿತ್ತು, ಹಾಲಿನಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು, ಅದರೊಳಗೆ ಮಲ್ಲಕ್ಕನ ಇಳಕಲ್ ಸೀರೆಗಳ ಮೇಲೆ ಔಷಧಿಯ ಚೀಲ. ಮಾಧುರಿ ಅವನನ್ನು ಅಡುಗೆಮನೆಗೆ ಕರೆದಳು. ಕೆಂಪು ದಾರದ ಪಾತ್ರೆಗಳ ಹಿಂದಿನಿಂದ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟಳು. ಎಲ್ಲ ಹೇಳಿದಳು, ಬೀನ್ಸು, ಜೊವಿಟಾ, ಸೋರೆಕಾಯಿ, ಬೀದಿಯ ಡಬ್ಬಿ. ಏನನ್ನೂ ಬಿಡಲಿಲ್ಲ.

ಅವನು ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದ. ಎರಡು ಸಲ ಓದಿದ.

"ಅಂಜಲಿ ಅಡಗಿಗೂ ಇದನ್ನ ಹಾಕೀಯೇನು?"

"ಇಲ್ಲ."

"ಖರೇನ?"

"ಇಲ್ಲ ಅಂದ್ನಲ್ಲಾ." ಅವಳು ಸೂಟ್‌ಕೇಸಿನ ಕಡೆ ಕೈ ತೋರಿಸಿದಳು. "ಅತ್ತಿ ಕದ್ದು ತಿಂದಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ರಿ. ಅಲ್ಲಿ ಎರಡ ಸಲದ ಮಷಿನ್‌ನಾಗ ಅವರು ಎಷ್ಟು ದಿನ..."

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಪೊಟ್ಟಣದ ಬಾಯಿಯನ್ನು ಮಡಚಿ, ಉಗುರಿನಿಂದ ತೀಡಿ, ಮತ್ತೆ ಮಡಚಿದ.

"ಬಾಳಿಹಣ್ಣು ಅಂದಾಗ ನನಗ ಸಿಟ್ಟು ಬಂದಿತ್ತು," ಅಂದ. "ಆದ್ರ ಒಳಗೊಂದು ಧೈರ್ಯನೂ ಇತ್ತು. ಊರಾಗ ನಾಲ್ಕು ತಿಂಗಳು ಇದ್ದು ಸುಧಾರಿಸಿದ್ರ ಮತ್ತ ಕರ್ಕೊಂಡ ಬರೂದು, ಮನ್ಯಾಗ ಹಣ್ಣು ತರೂದು ಬಿಡೂದು ಅಂತ. ಅವ್ವನ ಬಾಯಿಗೆ ಕಾವಲು ಹಾಕಬಹುದು ಮಾಧುರಿ. ನಿನ್ನ ಕೈಗೆ ಯಾರನ್ನ ಕಾವಲು ಹಾಕ್ಲಿ? ನಾ ಸೊಹಾರದಾಗ ಇರ್ತೀನಿ."

"ಇನ್ನ ಹಂಗ ಆಗೂದಿಲ್ಲ."

"ಆಗೂದಿಲ್ಲ," ಅಂದ ಅವನೂ, ಆಫೀಸಿನಲ್ಲಿ ಯಾರಿಗೋ ಒಪ್ಪಿಗೆ ಕೊಡುವವನ ಹಾಗೆ. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹಾಲಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಕೇಳಿತು.

ಮಾಧುರಿ ಬೀನ್ಸು ಹೆಚ್ಚಿದಳು. ಒಂದು ನೀರು ಕುದಿಸಿ ಚೆಲ್ಲಿದಳು, ಎರಡನೇ ನೀರು ಕುದಿಸಿ ಚೆಲ್ಲಿದಳು. ಕೆಂಪು ದಾರದ ತವೆಯಲ್ಲಿ ಎರಡು ಚಪಾತಿ, ಇನ್ನೊಂದರಲ್ಲಿ ಅಂಜಲಿಗೆ ರೊಟ್ಟಿ. ಎಲ್ಲರೂ ಒಟ್ಟಿಗೆ ಕೂತರು. ಅಂಜಲಿ ಆಯಿಯ ಮೊಣಕೈಗೆ ತಾಗಿ ಕೂತು, ಫೋನಿನಲ್ಲಿ ಏನನ್ನೋ ತೋರಿಸಲು ಹೋದಳು. "ಉಣ್ಣುವಾಗ ಬ್ಯಾಡ," ಅಂದಳು ಮಲ್ಲಕ್ಕ. ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಮಾಧುರಿ ಹೇಳಿಬಿಟ್ಟಿದ್ದಾಳೆ ಅನ್ನುವುದು ಅವಳಿಗೆ ಅಷ್ಟರಲ್ಲೇ ತಿಳಿಯಿತು. ತಲೆ ತಗ್ಗಿಸಿ ಚಪಾತಿ ಮುರಿದಳು.

ಮಲ್ಲಕ್ಕ ನಿಧಾನವಾಗಿ, ಒಂದೊಂದೇ ಬೀನ್ಸು ಎತ್ತಿ, ಎಲ್ಲ ಮುಗಿಸಿದಳು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಕೊನೆಯ ಟೇಪಿನ ಕೆಳಗೆ ಎರಡು ಗುಟುಕು ಉಳಿದಿತ್ತು. ಅಷ್ಟನ್ನೂ ತಾಟಿಗೆ ಸುರಿದು, ಅಂಚಿನಿಂದ ನಡುವಿಗೆ ಬೆರಳಾಡಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿದಳು.

"ಛಲೋ ಆಗೇತಿ," ಅಂದಳು.

ಮಾಧುರಿ ಅವಳ ತಾಟನ್ನು ಎತ್ತಿಕೊಂಡು ಸಿಂಕಿನ ಹತ್ತಿರ ಹೋದಳು. ನಲ್ಲಿ ತಿರುಗಿಸಲಿಲ್ಲ. ತಾಟು ದೀಪದ ಕೆಳಗೆ ಹೊಳೆಯುತ್ತಿತ್ತು, ಅದರಲ್ಲಿ ಯಾರೂ ಉಂಡೇ ಇಲ್ಲ ಅನ್ನುವ ಹಾಗೆ.