ಮಾಮಾನ ಮಷೀನು

ಉಗಾರ ಖುರ್ದದ ಜಯಪಾಲರು ಸಕ್ಕರೆ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂತವರಲ್ಲ. ಹಾಲಿನ ಫ್ಯಾಟು ಅಳೆಯುವ ಮಷೀನೊಂದನ್ನು ಸ್ವಂತ ಕೈಯಿಂದ ಮಾಡಿದರು. ಅಂಥವು ಪೇಟೆಯಲ್ಲಿ ಬೇಕಾದಷ್ಟಿದ್ದವು. ಆದರೆ ಕಬ್ಬಿನ ತುದಿ ತಿಂದ ಈ ಕಡೆಯ ಎಮ್ಮೆಗಳ ಹಾಲಿಗೆ ಅವು ಇವತ್ತೊಂದು, ನಾಳೆ ಒಂದು ಹೇಳುತ್ತಿದ್ದವು. ಜಯಪಾಲರು ಒಂಬತ್ತು ವರ್ಷ ಡೇರಿ ಡೇರಿ ತಿರುಗಿ, ಯಾವ ತಿಂಗಳು ಯಾವ ಮೇವಿಗೆ ಎಷ್ಟು ಫರಕು ಬೀಳುತ್ತದೆಂದು ಬರೆದುಕೊಂಡು, ಅದನ್ನೆಲ್ಲ ಮಷೀನಿನ ಪ್ರೋಗ್ರಾಮಿನೊಳಗೆ ಇಳಿಸಿದ್ದರು. ಜೊತೆಗೆ ಆರು ವರ್ಷ ದುಡಿದವನು ಅವರ ತಂಗಿಯ ಮಗ ಉತ್ತಮ.

ಸಾರಿಕಾಗೆ ಅವರ ಪರಿಚಯವಾದದ್ದು 2013ರಲ್ಲಿ. ಚಿಕ್ಕೋಡಿಯಲ್ಲಿ ಬಿಸಿಎ ಓದಿ, ಹಾರೂಗೇರಿಯಲ್ಲಿ ಅಂಗಡಿ ಇಟ್ಟು, ಡೇರಿಗಳಿಗೆ ಬಿಲ್ಲಿನ ಪ್ರೋಗ್ರಾಮು ಬರೆದುಕೊಡುತ್ತಿದ್ದಳು. ಜಯಪಾಲರ ಮಷೀನು ತೋರಿಸಿದ ಫ್ಯಾಟು ತಾನಾಗಿಯೇ ಅವಳ ಬಿಲ್ಲಿಗೆ ಬಂದು ಕೂಡಬೇಕಿತ್ತು. ಮೊದಲ ದಿನ ಅವಳು ಹೋದಾಗ, ಆ ಹಿರಿಯರು ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ ಕೂಡಿಸಿದರು. ಮಷೀನಿನ ಗುಂಡಿ ಒತ್ತಿದರು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡುತ್ತ ಬಹಳ ಹೊತ್ತು ಹಿಡಿಯಿತು.

"ಇದು ಬಿಸಿ ಆಗಾಕ ಕಾಯಬೇಕೇನ್ರಿ ಕಾಕಾ?"

"ಮಷೀನಿಗೆ ಬೇಕಾಗಿಲ್ಲವ್ವಾ, ನನಗ ಬೇಕು. ಆ ಚುಕ್ಕಿ ಮುಗಿಯೂದರಾಗ ಒಂದ ಸಲ ಣಮೋಕಾರ ಮಂತ್ರ ಆಗತೈತಿ."

ಮೂಲೆಯಲ್ಲಿ ವೈರು ಬೆಸೆಯುತ್ತಿದ್ದ ಉತ್ತಮ ತಲೆ ಎತ್ತದೆಯೇ ಹೇಳಿದ. "ಊರಾಗಿನ ಎಮ್ಮಿ ಎಲ್ಲಾ ಜೈನರು ಅಂತ ತಿಳದಾರ ನಮ್ಮ ಮಾಮಾ."

"ನೀ ಸುಮ್ಮ ಕುಂಡ್ರಲೇ," ಎಂದು ಜಯಪಾಲರು ನಕ್ಕರು. ಆಮೇಲೆ ಪ್ರೋಗ್ರಾಮನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಅವಳ ಕೈಗಿಟ್ಟರು. ಕಾಗದವಿಲ್ಲ, ಸಹಿಯಿಲ್ಲ. "ಇದನ್ನ ಮತ್ತ ಯಾರಿಗೂ ತೋರಿಸಬ್ಯಾಡವಾ, ಅಷ್ಟ," ಎಂದರು.

ಎರಡು ತಿಂಗಳು ಕೆಲಸ ಸರಿಯಾಗಿ ಸಾಗಿತು. ಆಮೇಲೆ ಒಂದು ತೊಡಕು ಬಂತು. ಮಷೀನಿನ ಅಂಕಿ ಬಿಲ್ಲಿಗೆ ಬರುವಾಗ ಹತ್ತಕ್ಕೊಂದು ಸಲ ತಪ್ಪುತ್ತಿತ್ತು. ಎಷ್ಟು ತಡಕಾಡಿದರೂ ಸಿಗಲಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳಿದಳು. ಎಲ್ಲಿಯವನೋ ಏನೋ, ಒಬ್ಬ ಪುಣ್ಯಾತ್ಮ, "ನಿನ್ನ ಕೋಡು ಪೂರಾ ಹಾಕು, ನೋಡುತ್ತೇನೆ" ಎಂದು ಬರೆದ. ಪ್ರೋಗ್ರಾಮುಗಳನ್ನು ಇಡಲು ಪುಕ್ಕಟೆ ಜಾಗ ಕೊಡುವ ತಾಣವೊಂದಿತ್ತು; ಅಲ್ಲಿ ಇಟ್ಟದ್ದನ್ನು ಯಾರು ಬೇಕಾದರೂ ನೋಡಬಹುದಿತ್ತು. ಸಾರಿಕಾ ತನ್ನ ಫೋಲ್ಡರನ್ನು ಇದ್ದಂತೆಯೇ ಎತ್ತಿ ಅಲ್ಲಿಗೆ ಏರಿಸಿದಳು. ಜಯಪಾಲರ ಪ್ರೋಗ್ರಾಮು ಅದರ ಹೊಟ್ಟೆಯಲ್ಲೇ ಇತ್ತು ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಮರುದಿನ ಆ ಪುಣ್ಯಾತ್ಮ ತಪ್ಪನ್ನು ಹುಡುಕಿಕೊಟ್ಟ. ಅವಳು ಕುಣಿದಾಡಿ ಧನ್ಯವಾದ ಬರೆದಳು, ಡೇರಿಗೆ ಓಡಿದಳು, ತಾಣವನ್ನು ಮರೆತೇಬಿಟ್ಟಳು.

ಮುಂದಿನ ವರ್ಷ ಗಡಿಯಾಚೆಯ ಒಂದು ಕಂಪನಿಯ ನೀಲಿ ಮಷೀನುಗಳು ಬಂದವು. ಬೆಲೆ ಕಡಿಮೆ, ಫ್ಯಾಟು ಥೇಟ್ ಜಯಪಾಲರ ಮಷೀನಿನದೇ. ಒಂದೊಂದೇ ಡೇರಿ ಆ ಕಡೆ ವಾಲಿತು. ಒಂದು ದಿನ ಜಯಪಾಲರಿಂದ ಫೋನು ಬಂತು. ದನಿ ಒಡೆದಿತ್ತು.

"ನಮ್ಮ ಉತ್ತಮ ಪ್ರೋಗ್ರಾಮು ಮಾರ್ಯಾನವಾ. ಅಂವನ ಬಿಟ್ಟರ ಮತ್ತ ಯಾರು ಮಾರತಾರ? ವರ್ಕ್‌ಶಾಪಿನ ಕೀಲಿ ಇಸಕೊಂಡು ಹೊರಗ ಹಾಕೇನಿ."

ಸಾರಿಕಾ ಮರುಗಿದಳು. ಉತ್ತಮನಂಥವನು ಹೀಗೆ ಮಾಡಬಹುದೇ ಎಂದು ನೊಂದುಕೊಂಡಳು. ಅದಾದ ವಾರಕ್ಕೆ ಒಂದು ಡೇರಿಯವರು ಹೊಸ ನೀಲಿ ಮಷೀನನ್ನು ಅವಳ ಬಿಲ್ಲಿಗೆ ಜೋಡಿಸಲು ಕರೆದರು. ಗುಂಡಿ ಒತ್ತಿದಳು. ಚುಕ್ಕಿಗಳು ಒಂದೊಂದಾಗಿ ಮೂಡತೊಡಗಿದವು. ಅವಸರವಿಲ್ಲದೆ, ಒಂದು ಮಂತ್ರದಷ್ಟು ಹೊತ್ತು. ಕದ್ದವರು ಅದು ಏಕಿದೆ ಎಂದು ತಿಳಿಯದೆ ಹಾಗೆಯೇ ಬಿಟ್ಟಿದ್ದರು. ಕಾಯುತ್ತ ನಿಂತ ಆ ಹೊತ್ತಿನಲ್ಲಿ ಅವಳಿಗೆ ತನ್ನ ಫೋಲ್ಡರು ನೆನಪಾಯಿತು.

ಅಂಗಡಿಗೆ ಬಂದು ತಾಣವನ್ನು ತೆರೆದು ನೋಡಿದಳು. ಹನ್ನೊಂದು ಮಂದಿ ಅದನ್ನು ನಕಲು ಮಾಡಿಕೊಂಡಿದ್ದರು. ಅಳಿಸಿದಳು. ಅವಳ ಹತ್ತಿರವಿದ್ದದ್ದಷ್ಟೇ ಅಳಿಯಿತು.

ನಾಳೆ ಉಗಾರಕ್ಕೆ ಹೋಗಿ ಹೇಳುತ್ತೇನೆ ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಹಿರಿಯರ ಫೋನು ಬಂದರೆ ಆರೋಗ್ಯ ಕೇಳುವಳು, ಮಳೆ ಕೇಳುವಳು. ಹೀಗೆ ನಾಲ್ಕು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಹಾರೂಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಉತ್ತಮ ಸಿಕ್ಕ. ಕೈಯಲ್ಲಿ ಟ್ರಂಕು. ಸೋಲಾಪುರದ ಕಡೆ ಹಾಲು ತಂಪು ಮಾಡುವ ಕೇಂದ್ರವೊಂದರಲ್ಲಿ ಕೆಲಸವಾಗಿದೆ ಎಂದ. ಮುಖ ಬತ್ತಿತ್ತು. ಆದರೂ ಅವಳಿಗೆ ನೆರಳು ಸಿಗುವಂತೆ ಸರಿದು ನಿಂತ.

"ಛಲೋ ಆತು ನೀವ್ ಸಿಕ್ಕಿದ್ದು," ಎಂದು ಚೀಲದಿಂದ ಒಂದು ನೋಟ್‌ಬುಕ್ ತೆಗೆದ. "ಮಾಮಾನ ಮಷೀನು ಎಲ್ಲೆಲ್ಲಿ ಕೆಡತಾವು, ಹೆಂಗ ರಿಪೇರಿ ಮಾಡಬೇಕು, ಎಲ್ಲಾ ಬರದೇನ್ರಿ. ಅವರಿಗೀಗ ಸಣ್ಣ ವೈರು ಕಾಣಂಗಿಲ್ಲ. ಯಾರನ್ನರ ಕೆಲಸಕ್ಕ ತಗೊಂಡ್ರ ಕೊಡ್ರಿ. ನಾ ಕೊಟ್ಟೆ ಅಂತ ಹೇಳಬ್ಯಾಡ್ರಿ, ಮುಟ್ಟಂಗಿಲ್ಲ ಅವರು."

ಸಾರಿಕಾ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡಳು. "ಉತ್ತಮ, ಒಂದು ಮಾತು..." ಎಂದಳು. ಬಸ್ಸು ಬಂತು. ಜನ ನುಗ್ಗಿದರು. ಅವನು ಒಬ್ಬ ಮುದುಕಿಯ ಗಂಟನ್ನು ಮೊದಲು ಮೇಲೇರಿಸಿಕೊಟ್ಟು, ಆಮೇಲೆ ತನ್ನ ಟ್ರಂಕು ಏರಿಸಿದ. ಬಸ್ಸು ಹೊರಟುಹೋಯಿತು. ಅವಳ ಮಾತು ಅವಳಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆಯೇ ಉಗಾರಕ್ಕೆ ಹೋದಳು. ನಿಂತೇ ಎಲ್ಲವನ್ನೂ ಹೇಳಿ, ಉತ್ತಮನ ನೋಟ್‌ಬುಕ್ಕನ್ನು ಮುಂದಿಟ್ಟಳು. ಜಯಪಾಲರು ಬಯ್ಯಲಿಲ್ಲ. ಇಷ್ಟೇ ಕೇಳಿದರು.

"ನಿನಗ ಯಾವಾಗ ಗೊತ್ತಾತು?"

"ನಾಕ ತಿಂಗಳಾತ್ರಿ."

"ತಪ್ಪಿ ಹಾಕಿದಿ, ಅದು ಇರ್ಲಿ. ನಾಕ ತಿಂಗಳು?" ಅವಳು ಅಳತೊಡಗಿದಳು. ಅವರು ಚೊಂಬಿನಲ್ಲಿ ನೀರು ತಂದು ಮುಂದಿಟ್ಟರು. ಬಾಗಿಲ ಕಡೆ ನೋಡುತ್ತ, "ನಾನರ ಏನ ಕಡಿಮಿ? ಹೌದೋ ಅಲ್ಲೋ ಅಂತ ಒಂದ ಮಾತು ಅಂವನ ಕೇಳಲಿಲ್ಲ," ಎಂದರು. ನೋಟ್‌ಬುಕ್ಕನ್ನು ಬಿಚ್ಚಿ, ಕಣ್ಣಿಗೆ ಹತ್ತಿರ ಹಿಡಿದು ಎರಡು ಪುಟ ತಿರುವಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು, "ನಡಿ, ಮಂಗಸೂಳಿಗೆ, ತಂಗಿ ಮನಿಗೆ ಹೋಗೂಣು," ಎಂದರು.

ಬಸ್ಸು ತಪ್ಪಿ, ಟೆಂಪೊ ಹಿಡಿದು ಮಂಗಸೂಳಿ ಮುಟ್ಟುವಾಗ ಹೊತ್ತು ಇಳಿದಿತ್ತು. ಉತ್ತಮನ ತಾಯಿ ಕಸ್ತೂರೆವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅಣ್ಣನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. ಅಣ್ಣ ಹೇಳಿದ್ದನ್ನೆಲ್ಲ ಕೇಳಿ, ಮೊರ ಕೆಳಗಿಟ್ಟಳು.

"ಬಸದಿಗೆ ಕರಕೊಂಡ ಹೋಗಿ ಆಣಿ ಮಾಡಿಸಿದ್ದೆ," ಎಂದಳು. ಅಣ್ಣನಿಗಲ್ಲ, ಸಾರಿಕಾಗೆ. "ಮಾಡಿದ. ಆದರೂ ನಾ ನಂಬಲಿಲ್ಲ ತಂಗಿ. ನಮ್ಮ ಅಣ್ಣ ಸುಳ್ಳ ಹೇಳಾಂವ ಅಲ್ಲ, ನೀನ ಮಾಡಿರ್ತಿ ಅಂದೆ. ಹೆತ್ತಾಕಿ ಅಂದೆ."

ಜಯಪಾಲರು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಸಾರಿಕಾ ಮೊದಲು ಮಾತಾಡಿದಳು. ತಪ್ಪು ತನ್ನದೆಂದಳು. ಆ ಕಡೆ ಯಂತ್ರಗಳು ಸದ್ದು ಮಾಡುತ್ತಿದ್ದವು.

"ಉತ್ತಮ, ನನ್ನಿಂದ ತಪ್ಪಾತೋ. ಬಂದ ಬಿಡು. ಕೀಲಿ ನಿನ್ನ ಕೈಯಾಗ ಕೊಡತೇನಿ," ಎಂದರು ಜಯಪಾಲರು.

"ಇರ್ಲಿ ಬಿಡ್ರಿ ಮಾಮಾ. ಕಣ್ಣಿಗೆ ಹನಿ ಬಿಟ್ಕೊಳಾಕತ್ತೀರಿಲ್ಲ?"

"ಬಿಟ್ಕೊಳಾಕತ್ತೇನಿ. ಬರ್ತಿಯಿಲ್ಲ?"

"ಇಲ್ರಿ. ಇಲ್ಲೇ ಇರ್ತೇನ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಸಾರಿಕಾಗೆ ಅನಿಸಿತು.

ಜಯಪಾಲರು ಫೋನನ್ನು ತಂಗಿಯ ಕೈಗೆ ಕೊಟ್ಟರು. ಕಸ್ತೂರೆವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೇಳಬೇಕಾದದ್ದು ಬಹಳವಿತ್ತು.

"ಉಂಡಿಯೇನೋ?" ಎಂದಳು.

"ಇಲ್ಲ ಬೇ. ಟ್ಯಾಂಕರ್ ಬಂದೈತಿ. ಆಮ್ಯಾಲ ಫೋನ್ ಮಾಡತೇನಿ." ಫೋನು ನಿಂತಿತು.

ಕಸ್ತೂರೆವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆ, "ಹೊತ್ತು ಮುಳುಗಾಕತ್ತೈತಿ, ಉಣ್ಣಾಕ ಏಳ್ರಿ," ಎಂದು ಕರೆದಳು. ಸಾರಿಕಾಗೆ ಮೊದಲು ಬಡಿಸಿದಳು. ಪಲ್ಯ ಖಾರವೆಂದು ಮೊಸರು ಹಾಕಿದಳು. ಅಣ್ಣನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಕೊಟ್ಟಳು. ರೊಟ್ಟಿ ಬಡಿಯುವ ಕೈಗೆ ಹಿಟ್ಟು ಮೆತ್ತಿತ್ತು. ಆದರೂ ಅಣ್ಣನ ಫೋನನ್ನು ಒಲೆಯ ಪಕ್ಕದಲ್ಲೇ, ಪರದೆ ಮೇಲೆ ಮಾಡಿ ಇಟ್ಟುಕೊಂಡು, ಪ್ರತಿ ರೊಟ್ಟಿ ತಿರುವಿ ಹಾಕಿದಾಗಲೂ ಒಮ್ಮೆ ಅದರ ಕಡೆ ನೋಡುತ್ತಿದ್ದಳು. ಉಂಡು ಮುಗಿಯುವವರೆಗೂ ಅದು ರಿಂಗಾಗಲಿಲ್ಲ.