ಸಿಗದ ಮುಚ್ಚಳ

ಶವಪೆಟ್ಟಿಗೆಯಲ್ಲಿ ಹೆಂಡತಿ ಕಾತ್ಯಾಯಿನಿಯ ಬಲಗೈ ಪಕ್ಕ ನಂಜುಂಡಸ್ವಾಮಿ ಮೆಟಲ್ ಡಿಟೆಕ್ಟರನ್ನು ಓರೆಯಾಗಿ ಹೊಂದಿಸುತ್ತಿದ್ದಾಗ ಚಿತಾಗಾರದ ಸಿಬ್ಬಂದಿ ಓಡಿ ಬಂದ.

"ಸುಮಿಮಾಸೆನ್, ಒಳಗೆ ಲೋಹ ಇಡುವಂತಿಲ್ಲ," ಎಂದು ಜಪಾನಿಯಲ್ಲಿ ಕ್ಷಮೆ ಕೇಳಿ ತಲೆಬಾಗಿದ.

"ಅಪ್ಪಾ, ನಾನ್ ಹೇಳ್ಲಿಲ್ವಾ, ಅಲೌ ಮಾಡಲ್ಲ ಅಂತ," ಎಂದಳು ಮಗಳು ಅನು.

"ಮೂವತ್ತು ವರ್ಷ ಇದೇ ಊರಿನ ಯೂನಿವರ್ಸಿಟೀಲಿ ಮೆಟಲ್ಸ್ ರಿಸರ್ಚ್ ಮಾಡಿದೀನಿ. ನಂಗೇ ಪಾಠ," ಎಂದು ಗೊಣಗಿದ ನಂಜುಂಡಸ್ವಾಮಿ, ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಬಂದವರೆಲ್ಲ ನಕ್ಕರು. ಪಕ್ಕದ ಮನೆಯ ಹಯಾಸಾಕಾ-ಸಾನ್ ಒಬ್ಬರೇ ನಗಲಿಲ್ಲ. ಎಂಬತ್ತೆಂಟರ ಆ ಅಜ್ಜಿ ಕಾತ್ಯಾಯಿನಿಯ ಮುಖವನ್ನೇ ನೋಡುತ್ತ ನಿಂತಿದ್ದರು.

ಪೆಟ್ಟಿಗೆ ಒಳಗೆ ಹೋಯಿತು. ಇನ್ನು ಒಂದೂವರೆ ಗಂಟೆ ಕಾಯಬೇಕು.

*

ಜಪಾನಿನ ಸೆಂಡಾಯ್ ನಗರದ ಅಂಚಿನ ಆ ಹಳೆಯ ಮರದ ಮನೆಯನ್ನು ಕೊಂಡಾಗ ಕಾತ್ಯಾಯಿನಿಗೆ ಐವತ್ತೆಂಟು. ಹಿತ್ತಲಲ್ಲಿ ಕಾಲುಂಗುರ ಜಾರಿ ಬಿತ್ತೆಂದು ಡಿಟೆಕ್ಟರ್ ತರಿಸಿದರು. ಕಾಲುಂಗುರ ಎರಡನೇ ದಿನವೇ ಸಿಕ್ಕಿತು. ಅಗೆತ ಮಾತ್ರ ನಿಲ್ಲಲಿಲ್ಲ. ತೂತಿನ ನಾಣ್ಯ, ಮುರಿದ ಕುಡುಗೋಲು, ತಗಡಿನ ಆಟದ ರೈಲು ಎಲ್ಲ ಮೇಲೆ ಬಂದವು. ಅದು ಹಯಾಸಾಕಾ-ಸಾನ್ ಹುಟ್ಟಿದ ಮನೆ. ಹೊರದೇಶದವಳು ತನ್ನ ತವರನ್ನು ತೋಡುತ್ತಿದ್ದಾಳೆಂದು ಅವರು ಬೀದಿಯ ಸಂಘಕ್ಕೆ ದೂರು ಕೊಟ್ಟರು.

ಒಂದು ಬೆಳಿಗ್ಗೆ ಕಾಕಿ ಹಣ್ಣಿನ ಮರದ ಬುಡದಲ್ಲಿ ಯಂತ್ರ ಕಿರುಚಿತು. ಎರಡಡಿ ಆಳದಲ್ಲಿ ಎರಕದ ಕಬ್ಬಿಣದ ಕೆಟಲ್ ಇತ್ತು, ಮುಚ್ಚಳವಿರಲಿಲ್ಲ. ಕಾತ್ಯಾಯಿನಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಗೆ ಹೋದರು.

ಹಯಾಸಾಕಾ-ಸಾನ್ ಹೊಸ್ತಿಲಲ್ಲೇ ಕುಳಿತು ಕೆಟಲನ್ನು ಮಡಿಲಿಗೆ ತೆಗೆದುಕೊಂಡರು. ಯುದ್ಧದ ಕಾಲದಲ್ಲಿ ಮನೆಮನೆಯ ಕಬ್ಬಿಣವನ್ನು ಸರ್ಕಾರ ಒಯ್ಯುತ್ತಿದ್ದಾಗ ಅವರ ಅಜ್ಜಿ ಯಾರಿಗೂ ತಿಳಿಸದೆ ಕೆಟಲನ್ನು ಹೂತಿಟ್ಟಿದ್ದರು; ಹೇಳದೆಯೇ ತೀರಿಕೊಂಡಿದ್ದರು.

"ನನಗಾಗ ಆರು ವರ್ಷ. ಆಡುತ್ತ ನಾನೇ ಕಳೆದೆನೆಂದು ಎಲ್ಲರೂ ಬೈದರು," ಎಂದರು.

"ಈಗ ಸಿಕ್ತಲ್ಲ," ಎಂದರು ಕಾತ್ಯಾಯಿನಿ, ತಮ್ಮ ಹರಕುಮುರುಕು ಜಪಾನಿಯಲ್ಲಿ. "ಮುಚ್ಚಳಾನೂ ಹುಡುಕಿಕೊಡ್ತೀನಿ."

ಐದು ವರ್ಷ ಹುಡುಕಿದರು. ಗುರುವಾರ ಬೆಳಿಗ್ಗೆ ಅಗೆತ. ಆಮೇಲೆ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಚಹಾ, ಜೊತೆಗೆ ಕಾತ್ಯಾಯಿನಿ ಒಯ್ದ ಕೋಡುಬಳೆ.

*

ಕಾಯುವ ಕೋಣೆಯಲ್ಲಿ ಹಯಾಸಾಕಾ-ಸಾನ್ ನಂಜುಂಡಸ್ವಾಮಿಯ ಎದುರು ಬಂದು ಕುಳಿತರು.

"ಸ್ವಾಮಿ-ಸಾನ್, ನನ್ನಿಂದ ತಪ್ಪಾಗಿದೆ. ಮುಚ್ಚಳ ನನ್ನ ಹತ್ತಿರವೇ ಇತ್ತು. ಅಜ್ಜಿ ಅವಸರದಲ್ಲಿ ಬಿಟ್ಟದ್ದನ್ನು ಅಮ್ಮ ಎತ್ತಿಟ್ಟಿದ್ದರು. ಹೇಳಿಬಿಟ್ಟರೆ ನಿಮ್ಮ ಮನೆಯವರು ಬರುವುದು ನಿಲ್ಲುತ್ತದೆಂದು ಹೇಳಲಿಲ್ಲ." ಅವರ ತಲೆ ಮೇಜಿಗೆ ತಾಗುವಷ್ಟು ಬಾಗಿತ್ತು.

ಅನು ಅಪ್ಪನ ಮುಖ ನೋಡಿದಳು.

"ಸಕ್ಕರೆ ಡಬ್ಬಿ ಹಿಂದೆ ಇತ್ತು, ಅಲ್ಲವೇ?" ಎಂದರು ನಂಜುಂಡಸ್ವಾಮಿ.

ಹಯಾಸಾಕಾ-ಸಾನ್ ತಟ್ಟನೆ ತಲೆಯೆತ್ತಿದರು.

"ಮೊದಲನೇ ಗುರುವಾರವೇ ನೋಡಿದ್ದಳು. ಮನೆಗೆ ಬಂದವಳೇ, 'ರೀ, ಆ ಅಜ್ಜಿಗೆ ಒಬ್ಬರೇ ಟೀ ಕುಡಿಯೋಕೆ ಬೇಜಾರು. ನಾನ್ ಹುಡುಕ್ತಾನೇ ಇರ್ತೀನಿ, ನೀವ್ ಬಾಯಿ ಬಿಡ್ಬೇಡಿ' ಅಂದಳು."

"ಮತ್ತೆ ಅಷ್ಟೊಂದು ಅಗೆದದ್ದು?" ಎಂದರು ಹಯಾಸಾಕಾ-ಸಾನ್.

"ತೋಡಿದ ಕಡೆಯೆಲ್ಲ ಮೂಲಂಗಿ ಹಾಕಿದಳು. ನೀವೂ ತಿಂದಿದ್ದೀರಿ."

ಹಯಾಸಾಕಾ-ಸಾನ್ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕಿತು, ಆಮೇಲೆ ಮೈಯೆಲ್ಲ. ಅನು ಗಾಬರಿಯಿಂದ ಎದ್ದು, ಅದು ಅಳುವಲ್ಲವೆಂದು ತಿಳಿದು ತಾನೂ ನಕ್ಕಳು. ಕರೆಯಲು ಬಂದ ಸಿಬ್ಬಂದಿ ಬಾಗಿಲಲ್ಲೇ ನಿಂತುಬಿಟ್ಟ.

ಒಳಗೆ, ಅಲ್ಲಿನ ಪದ್ಧತಿಯಂತೆ, ಒಂದೊಂದು ಅಸ್ಥಿಯನ್ನೂ ಇಬ್ಬರು ಸೇರಿ ಚಾಪ್‌ಸ್ಟಿಕ್‌ನಂಥ ಕಡ್ಡಿಗಳಿಂದ ಎತ್ತಬೇಕಿತ್ತು. ನಂಜುಂಡಸ್ವಾಮಿಯ ಎದುರಿಗೆ ಹಯಾಸಾಕಾ-ಸಾನ್ ನಿಂತರು. ನಂಜುಂಡಸ್ವಾಮಿ ಕಡ್ಡಿ ಚಾಚಿದರು. ಆಕೆ ತಮ್ಮ ಕಡ್ಡಿಗಳನ್ನು ಅವರ ಕಡ್ಡಿಗಳ ಅಡಿಗೆ ಕೊಟ್ಟು ಹಿಡಿದರು. ಹಗುರವಾದ ಬಿಳಿಯ ತುಂಡೊಂದು ಇಬ್ಬರ ನಡುವೆ ಮೇಲೆದ್ದು, ಮೆಲ್ಲಗೆ ಕುಡಿಕೆಯ ಕಡೆ ಸಾಗಿತು.