ನಾಲ್ಕನೆಯ ಪಿನ್ನು

ನಾನೊಂದು ಪಿನ್ನು. ಕಾಗದಕ್ಕೆ ಚುಚ್ಚುವ ಗುಂಡುಪಿನ್ನಲ್ಲ, ಕೂದಲಿಗೆ ಸಿಕ್ಕಿಸುವ ಪಿನ್ನೂ ಅಲ್ಲ. ಸೆರಗನ್ನು ಭುಜದ ಮೇಲೆ ನಿಲ್ಲಿಸುವ, ಕಿತ್ತುಹೋದ ಚಪ್ಪಲಿಯ ಬಾರನ್ನು ಮನೆ ಮುಟ್ಟುವವರೆಗೆ ಹಿಡಿದಿಡುವ, ಹೆಂಗಸರ ಬಳೆಗೆ ಜೋತುಬಿದ್ದು ಊರೆಲ್ಲ ತಿರುಗುವ ಸೇಫ್ಟಿ ಪಿನ್ನು. ಅದರಲ್ಲೂ ಹಿತ್ತಾಳೆಯದು. ಈಗಿನ ತಗಡಿನ ಪಿನ್ನುಗಳ ಹಾಗೆ ಎರಡು ಮಳೆಗೆ ತುಕ್ಕು ಹಿಡಿಯುವ ವಂಶವಲ್ಲ ನನ್ನದು. ಜಂಬ ಎನ್ನುವವರು ಎನ್ನಲಿ. ಮೂವತ್ನಾಲ್ಕು ವರ್ಷ ದುಡಿದ ಮೇಲೆ ಅಷ್ಟು ಜಂಬ ಬೇಡವೇ?

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ತಂತಿಯ ಸುರುಳಿಯಿಂದ ಕತ್ತರಿಸಿದರು, ಒಂದು ತುದಿಯನ್ನು ಮಸೆದರು, ನಡುವನ್ನು ಒಂದು ಸುತ್ತು ಸುತ್ತಿ ಬಗ್ಗಿಸಿದರು, ತಲೆಗೊಂದು ಟೊಪ್ಪಿಗೆ ಇಟ್ಟರು. ಮೊನೆ ಅದರೊಳಗೆ ಸಿಕ್ಕಿಕೊಂಡು ಟಕ್ಕೆಂದಿತು. ಅದೇ ನನ್ನ ಮೊದಲ ಮಾತು. ಆಮೇಲೆ ಹನ್ನೆರಡು ಮಂದಿಯ ಗೊಂಚಲಾಗಿ ಗದಗಿನ ಬಳೆ ಅಂಗಡಿಗೆ ಬಂದೆವು. ಹದಿನೆಂಟರ ಅನ್ನಪೂರ್ಣಾ ನಮ್ಮನ್ನು ಕೊಂಡು ಕೈಬಳೆಗೆ ತೂಗುಬಿಟ್ಟುಕೊಂಡಳು. ವರ್ಷದೊಳಗೆ ಎಂಟು ಮಂದಿ ಕಾಣೆಯಾದರು. ಪಿನ್ನುಗಳ ಸಾವೇ ಹಾಗೆ, ಎಲ್ಲಿ ಹೋದವೆಂದು ಯಾರೂ ಹುಡುಕುವುದಿಲ್ಲ. ನಾಲ್ವರು ಉಳಿದೆವು.

ಅನ್ನಪೂರ್ಣಾಳಿಗೆ ಒಬ್ಬ ತಂಗಿ, ಶಿವಲೀಲಾ. ಎಂಟನೇ ಇಯತ್ತೆ. ಓಟಕ್ಕೆ ನಿಂತರೆ ಗಂಡುಹುಡುಗರನ್ನೂ ಹಿಂದೆ ಹಾಕುತ್ತಿದ್ದಳು. ತಾಲೂಕು ಮಟ್ಟದ ನಾಲ್ಕು ಸುತ್ತಿನ ಓಟದ ದಿನ ಬೆಳಿಗ್ಗೆ ಅಂಗಿಗೆ ಹಚ್ಚಲು ನಂಬರಿನ ಕಾಗದ ಹಿಡಿದು ಅಕ್ಕನ ಹತ್ತಿರ ಬಂದಳು. ನಾಲ್ಕು ಮೂಲೆಗೆ ನಾಲ್ಕು ಪಿನ್ನು ಬೇಕು. ಅನ್ನಪೂರ್ಣಾ ಮೂರನ್ನು ಬಿಚ್ಚಿಕೊಟ್ಟಳು. ಅವಳು ಆಗಷ್ಟೇ ಸೀರೆ ಉಡಲು ಕಲಿತಿದ್ದಳು. ಓಟ ನೋಡಲು ಬರುವ ನಾಲ್ಕು ಜನರ ಎದುರು ಸೆರಗು ಜಾರಿದರೆ ಗತಿಯೇನು?

"ಮೂರು ಸಾಕು ತೊಗೊ, ಒಂದು ನನಗ ಬೇಕು," ಅಂದಳು. ಆ ಒಂದು ನಾನು.

ಅಕ್ಕನ ಭುಜದ ಮೇಲೆ ಕುಳಿತು ನಾನು ಎಲ್ಲವನ್ನೂ ಕಂಡೆ. ಮೈದಾನದಲ್ಲಿ ಗದಗಿನ ಗಾಳಿ ಬೀಸುತ್ತಿತ್ತು. ಮೂರನೇ ಸುತ್ತಿನಲ್ಲಿ ಪಿನ್ನಿಲ್ಲದ ಮೂಲೆ ಪಟಪಟ ಬಡಿದುಕೊಂಡಿತು, ಒಳಗೆ ಗಾಳಿ ಹೊಕ್ಕಿತು, ಕಾಗದ ಉಳಿದ ಮೂರು ಮೂಲೆಗಳನ್ನೂ ಹರಿದುಕೊಂಡು ಹಾರಿಹೋಯಿತು. ಹುಡುಗಿ ತಿರುಗಿ ನೋಡಲಿಲ್ಲ. ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದಳು.

"ನಂಬರ್ ಎಲ್ಲೈತವಾ? ನಂಬರ್ ಇಲ್ಲದಾಕಿನ್ನ ಹೆಂಗ ಬರ್ಕೊಳ್ಳೋದು?" ಅಂದರು ಗೆರೆಯ ಹತ್ತಿರ ಕುಳಿತಿದ್ದ ಮಾಸ್ತರು. ಎರಡನೆಯವಳ ಹೆಸರು ಬರೆದುಕೊಂಡರು. ಜಿಲ್ಲೆಗೆ ಅವಳೇ ಹೋದಳು. ಶಿವಲೀಲಾ ಅಳಲಿಲ್ಲ, ಅಕ್ಕನ ಮೇಲೆ ಸಿಟ್ಟಾಗಲಿಲ್ಲ. ಆದರೆ ಮತ್ತೆ ಓಡಲೂ ಇಲ್ಲ. ಆ ಮೂಲೆಯಲ್ಲಿ ನಾನಿದ್ದಿದ್ದರೆ ಕಾಗದ ಹಾರುತ್ತಿರಲಿಲ್ಲ.

ಆ ಮೂವರು ಬಳೆಗೆ ಮರಳಿದ ಮೇಲೆ ಅನ್ನಪೂರ್ಣಾ ನಮ್ಮ ನಾಲ್ವರನ್ನು ಕೆಳಗಿಳಿಸಲಿಲ್ಲ. ಮದುವೆಯಾದಳು, ಅಂಗನವಾಡಿ ಟೀಚರಾದಳು. ಬೇರೆ ಪಿನ್ನುಗಳು ಬಂದವು, ಹೋದವು. ನಮ್ಮನ್ನು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಶಿವಲೀಲಾ ನರ್ಸಾಗಿ ಐರ್ಲೆಂಡಿನ ಗಾಲ್ವೇ ಎಂಬ ಕಡಲದಂಡೆಯ ಊರು ಸೇರಿದಳು. ಕಳೆದ ವರ್ಷ ರಜೆಗೆ ಬಂದವಳು ಹೊರಡುವ ಮುನ್ನ ಸುದ್ದಿ ಹೇಳಿದಳು.

"ಅಕ್ಕಾ, ಅಲ್ಲಿ ಹತ್ತು ಕಿಲೋಮೀಟರ್ ಓಟ ಐತಿ. ಹೆಸರು ಕೊಟ್ಟೇನಿ."

"ನಲವತ್ತಾರು ಆತಲ್ಲಽ ನಿನಗ! ಈಗ್ಯಾಕ?"

"ಅವತ್ತಿನ ಓಟ ಯಾರೂ ಬರ್ಕೊಳ್ಳಲಿಲ್ಲಲ್ಲ. ಒಂದರ ಬರಸ್ಬೇಕು."

ಅನ್ನಪೂರ್ಣಾ ಬಳೆಯಿಂದ ನಾಲ್ವರನ್ನೂ ಬಿಚ್ಚಿ ತಂಗಿಯ ಅಂಗೈಯಲ್ಲಿಟ್ಟಳು.

"ಪಿನ್ನು ಅಲ್ಲೇ ಕೊಡ್ತಾರಕ್ಕಾ."

"ಕೊಡ್ಲಿ. ಅವತ್ತ ನಾಕೂ ಕೊಡಬೇಕಾಗಿತ್ತು ನಾನು. ಒಯ್ಯಿ."

ಹೀಗೆ ನಾನು ವಿಮಾನ ಹತ್ತಿದೆ. ಗಾಲ್ವೇಯಲ್ಲಿ ಇಳಿದಾಗ ಮೊದಲು ಎದುರಾದದ್ದು ಗಾಳಿ. ಗದಗಿನದಕ್ಕೆ ಅಣ್ಣನಂಥ ಗಾಳಿ, ಜೊತೆಗೆ ಉಪ್ಪು, ತುಂತುರು. ಬಾ ನೋಡೇಬಿಡೋಣ ಎಂದುಕೊಂಡೆ.

ಓಟದ ದಿನ ಅಲ್ಲಿಯವರು ನಂಬರಿನ ಜೊತೆ ಕೊಟ್ಟ ತಗಡಿನ ಪಿನ್ನುಗಳನ್ನು ಶಿವಲೀಲಾ ಪಕ್ಕಕ್ಕಿಟ್ಟು ನಮ್ಮನ್ನೇ ಹಚ್ಚಿಕೊಂಡಳು. ಎಡಗಡೆಯ ಕೆಳಮೂಲೆ ನನಗೆ ಬಂತು. ನಂಬರಿನ ಹಿಂದೆ ಚಿಕ್ಕದೊಂದು ಚಿಪ್ ಅಂಟಿಸಿದ್ದರು. ಗೆರೆ ದಾಟಿದವರ ಹೆಸರನ್ನು ಅದೇ ಬರೆಸುತ್ತದಂತೆ. ಇಲ್ಲಿಯೂ ನಂಬರ್ ಕಳೆದುಕೊಂಡವರು ಓಡಿಯೂ ಓಡದಂತೆಯೇ. ಮೂವತ್ಮೂರು ವರ್ಷ ಕಾದ ಕೆಲಸ ಕೊನೆಗೂ ಕೈಗೆ ಬಂದಿತ್ತು. ನಾನು ಬಟ್ಟೆಯನ್ನು ಕಚ್ಚಿ ಹಿಡಿದೆ.

ಏಳು ಕಿಲೋಮೀಟರ್ ಯಾವ ತೊಂದರೆಯೂ ಆಗಲಿಲ್ಲ. ಅವಳ ಉಸಿರು ಏರುತ್ತಿತ್ತು, ಕಾಲು ತಪ್ಪುತ್ತಿರಲಿಲ್ಲ. ಕಡಲ ಪಕ್ಕದ ರಸ್ತೆಗೆ ತಿರುಗಿದ್ದೇ ಗಾಳಿ ಎದುರಿನಿಂದ ನುಗ್ಗಿತು. ಪಕ್ಕದಲ್ಲಿ ಕೆಂಪು ಕೂದಲಿನ ದಪ್ಪ ಹೆಂಗಸೊಬ್ಬಳು ಓಡುತ್ತಿದ್ದಳು. ಅವಳ ಎರಡು ತಗಡಿನ ಪಿನ್ನುಗಳು ಆಗಲೇ ಉದುರಿದ್ದವು, ನಂಬರು ಪಟಪಟ ಬಡಿದುಕೊಳ್ಳುತ್ತಿತ್ತು. ಪಾಪದ ಹೆಂಗಸು ಎರಡೂ ಕೈಯಲ್ಲಿ ಅದನ್ನು ಹಿಡಿಯಲು ಹೋಗಿ ಮುಗ್ಗರಿಸಿದಳು.

ಆ ಪಟಪಟ ಸದ್ದು ನನಗೂ ಶಿವಲೀಲಾಳಿಗೂ ಗೊತ್ತಿತ್ತು. ಶಿವಲೀಲಾ ನಿಂತಳು. ನನ್ನ ಮೇಲೆ ಬೆರಳಿಟ್ಟಳು.

ಬೇಡ ಎಂದು ಕೂಗಬೇಕೆನಿಸಿತು. ಇಷ್ಟು ವರ್ಷ ಕಾದದ್ದು ಈ ಮೂಲೆಗಾಗಿ ಅಲ್ಲವೇ? ನನ್ನನ್ನು ಬಿಚ್ಚಿದರೆ ಮತ್ತೆ ಅದೇ ಕಥೆ, ಅದೇ ಮೂರು ಪಿನ್ನು. ಆದರೆ ನಮ್ಮ ಮಾತನ್ನು ಕೇಳುವವರು ಯಾರು? ಅವಳು ನನ್ನನ್ನು ಬಿಚ್ಚಿ ಆ ಹೆಂಗಸಿನ ಎದೆಗೆ ಹಚ್ಚಿ, ಭುಜ ತಟ್ಟಿ, ಓಡತೊಡಗಿದಳು.

ನನ್ನ ಹೊಸ ಒಡತಿ ಏನೋ ಅಂದಳು, ಆ ಭಾಷೆ ನನಗೆ ಬಾರದು. ಆದರೆ ಮುಂದೆ ಹೋಗದೆ ಶಿವಲೀಲಾಳ ಪಕ್ಕದಲ್ಲೇ ಓಡಿದಳು. ಹಾಗಾಗಿ ನನಗೆಲ್ಲ ಕಾಣುತ್ತಿತ್ತು. ನಾನು ಬಿಟ್ಟುಬಂದ ಮೂಲೆ ಒಮ್ಮೆ ಎದ್ದಿತು. ಶಿವಲೀಲಾ ಎಡಗೈಯನ್ನು ಅದರ ಮೇಲೆ ಒತ್ತಿ ಹಿಡಿದಳು. ಬೀಸಲು ಒಂದೇ ಕೈ, ವಾಲಿಕೊಂಡು ಓಟ. ಹದಿಮೂರರ ಹುಡುಗಿಗೆ ಹೊಳೆಯದ ಉಪಾಯ ನಲವತ್ತಾರರ ಹೆಂಗಸಿಗೆ ಹೊಳೆದಿತ್ತು. ಮೂರು ಕಿಲೋಮೀಟರ್ ಆ ಕೈ ಎದೆಯಿಂದ ಇಳಿಯಲಿಲ್ಲ. ನನ್ನ ಬಳಗದ ಮೂವರೂ ಜಗ್ಗಲಿಲ್ಲ. ಗೆರೆ ದಾಟಿದಾಗ ಪಕ್ಕದ ಯಂತ್ರ ಕೀಂ ಎಂದಿತು. ದೊಡ್ಡ ಪರದೆಯ ಮೇಲೆ ಅವಳ ಹೆಸರು ಬಂತು. ನನಗೆ ಓದಲು ಬಾರದಿದ್ದರೂ ಅವಳ ಮುಖ ನೋಡಿದರೆ ಸಾಕಿತ್ತು.

ಕೆಂಪು ಕೂದಲಿನವಳು ನನ್ನನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಶಿವಲೀಲಾಳಿಗೆ ಹಿಂದಿರುಗಿಸಿದಳು. ಈಗ ನಾವು ನಾಲ್ವರೂ ಶಿವಲೀಲಾಳ ಅಡುಗೆಮನೆಯ ಕಿಟಕಿ ಪರದೆಗೆ ಆ ನಂಬರನ್ನು ಹಿಡಿದುಕೊಂಡು ಕುಳಿತಿದ್ದೇವೆ. ಕುಕ್ಕರಿನ ಹಬೆ ತಾಗಿ ಮೈ ಸ್ವಲ್ಪ ಹಸಿರಾಗಿದೆ. ಹಿಡಿತ ಸಡಿಲಾಗಿಲ್ಲ.

ಓಟದ ದಿನ ಗೆರೆ ದಾಟಿದ ಮೇಲೆ ಶಿವಲೀಲಾ ಅಲ್ಲಿಯೇ ರಸ್ತೆ ಬದಿಯಲ್ಲಿ ಕುಳಿತು, ನನ್ನನ್ನು ಮುಷ್ಟಿಯಲ್ಲಿಟ್ಟುಕೊಂಡು ಅಕ್ಕನಿಗೆ ವಿಡಿಯೋ ಕಾಲ್ ಮಾಡಿದ್ದಳು. ಅನ್ನಪೂರ್ಣಾ ಎಷ್ಟನೆಯವಳಾಗಿ ಬಂದೆ ಎಂದು ಕೇಳಲಿಲ್ಲ.

"ನಂಬರ್ ಐತಿಲ್ಲೋ?"

"ಎದಿ ಮ್ಯಾಲೇ ಐತಿ ನೋಡಕ್ಕಾ. ಹೆಸರೂ ಬಂತು."

"ನಾಕೂ ಹಿಡಕೊಂಡ್ವಾ?"

"ಒಂದನ್ನ ದಾರ್ಯಾಗ ಒಬ್ಬಾಕಿಗೆ ಕೊಟ್ಟೆ. ಮೂರಽ ಸಾಕಾದ್ವು."

ಅನ್ನಪೂರ್ಣಾ ಮುಖವನ್ನು ಫೋನಿನ ಹತ್ತಿರ ತಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖರೇನ? ಮೂರಽ ಸಾಕಾದ್ವಾ?"

"ಖರೇ ಅಕ್ಕಾ. ಮೂರಽ ಸಾಕು."

ಎಡಗೈಯ ವಿಷಯ ಅವಳು ಹೇಳಲಿಲ್ಲ. ಆ ಕೈಯನ್ನು ಫೋನಿಗೆ ಕಾಣದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಅದರ ಮುಷ್ಟಿಯಲ್ಲೇ ಇದ್ದೆ.